ಗಂಟು ಕಟ್ಟಿದ ಗೇರ್‌ಬಾಕ್ಸ್

ಅಣ್ಣ ತೀರಿಹೋಗುವ ಹಿಂದಿನ ದಿನ ಭಾನುವಾರ. ಆರ್‌ಪಿಸಿ ಲೇಔಟಿನ ನಮ್ಮ ಮನೆ ಮುಂದೆ ಅವನೂ ನಾನೂ ಅವನ ಹಳೇ ಕಾರಿನ ಗೇರ್‌ಬಾಕ್ಸ್ ಬಿಚ್ಚುತ್ತಿದ್ದೆವು. ಇಬ್ಬರಿಗೂ ಅದು ಮೊದಲ ಸಲ. ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ, ಬಿಚ್ಚಿದ ಭಾಗಗಳನ್ನು ಬೆಡ್‌ಶೀಟಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದೆವು.

"ಬಿಗಿಯಾಗಿ ಹಿಡ್ಕೊಳೇ, ಗೇರ್ ಕಣೇ ಅದು, ಬೆಣ್ಣೆ ಉಂಡೆ ಅಲ್ಲ" ಅಂದ.

"ಬಿಚ್ಚೋದು ಯಾರಿಗಾದ್ರೂ ಬರುತ್ತೆ, ವಾಪಸ್ ಸೇರ್ಸಿ ತೋರ್ಸು."

"ನಾಳೆ ನೋಡ್ತಿರು."

ಬೆಳಗ್ಗೆ ಅವನು ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಅವನನ್ನು ಮಲಗಿಸಲು ಮನೆ ಮುಂದೆ ಜಾಗ ಬೇಕಿತ್ತು. ಅಕ್ಕಪಕ್ಕದವರು ಬೆಡ್‌ಶೀಟನ್ನು ಹಾಗೇ ಗಂಟು ಕಟ್ಟಿ ಮೆಟ್ಟಿಲ ಕೆಳಗೆ ತಳ್ಳಿ, ನೆಲ ತೊಳೆದರು. ಒಳಗೆ ಕಬ್ಬಿಣ ಉರುಳಿದ ಸದ್ದಿಗೆ ಸಾಲು ಹೋಯಿತೆಂದು ಗೊತ್ತಾಯಿತು. ಹೇಳುವ ಹೊತ್ತು ಅದಾಗಿರಲಿಲ್ಲ.

ತಿಥಿ ಮುಗಿದ ಮೇಲೆ ಸೋದರಮಾವ, "ಗುಜರಿಗೆ ಕೊಟ್ಬಿಡಮ್ಮ, ಇನ್ಯಾರು ಓಡಿಸ್ತಾರೆ?" ಅಂದರು.

"ನಾನೇ ಸೇರಿಸ್ತೀನಿ ಮಾವ" ಅಂದೆ. ಅವನ ಕಾರು ತುಂಡುತುಂಡಾಗಿ ಹೋಗುವುದು ನನಗೆ ಬೇಡವಾಗಿತ್ತು.

ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ, ಒಂದೊಂದೇ ಗೇರನ್ನು ಶಾಫ್ಟಿಗೆ ಏರಿಸಿದೆ. ತಿರುಗಿಸಿದರೆ ಕಚ್ಚಿಕೊಂಡಿತು. ಎಲ್ಲಿ ಹಲ್ಲು ಮುರಿದೆನೋ ಎಂದು ಮತ್ತೆ ಬಿಚ್ಚಿ ನೋಡಿ, ಮತ್ತೆ ಏರಿಸಿದೆ. ಕೊನೆಗೆ ನುಣ್ಣಗೆ ತಿರುಗಿತು. ಗೇರ್ ಹಾಕಿದೆ, ಬಿತ್ತು. ಕೈ ಬಿಟ್ಟ ಕೂಡಲೇ ಜಾರಿ ನ್ಯೂಟ್ರಲ್ಲಿಗೆ ಬಂತು. ಗೇರನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸಲು ಒಳಗೆ ಬಟಾಣಿಯಷ್ಟು ಉಕ್ಕಿನ ಗುಂಡೊಂದು ಇರಬೇಕಿತ್ತು. ಗಂಟಿನಲ್ಲಿ, ಮೆಟ್ಟಿಲ ಕೆಳಗೆ, ಮೋರಿಯಲ್ಲಿ ಎಲ್ಲ ಹುಡುಕಿದೆ.

ಆ ಗುಂಡು ಇನ್ನೂ ಸಿಕ್ಕಿಲ್ಲ.