ಕೌದಿಯೊಳಗಿನ ಮೊಟ್ಟೆಗಳು

ನಮ್ಮ ಮನೆಯ ಹೊಸ್ತಿಲು ದಾಟಿ ಮೊಟ್ಟೆ ಒಳಗೆ ಬಂದದ್ದು ಒಂದೇ ಒಂದು ಸಲ. ತಂದವಳು ನಾನು, ಒಳಗೆ ಕರೆದುಕೊಂಡವಳು ಅವ್ವ.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ಪುಣೆಯ ಖಡಕಿಯಲ್ಲಿ ಗುಮಾಸ್ತ, ನಾನು ಅದೇ ಊರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಕ್ಯಾನ್ಸರ್ ಗಡ್ಡೆ ಸಾಸಿವೆಯಷ್ಟಿರುವಾಗ ಬಡಪಾಯಿ. ಬೆಳೆಯಬೇಕೆಂದರೆ ಅದಕ್ಕೆ ರಕ್ತ ಬೇಕು. ಅದಕ್ಕಾಗಿ ಸುತ್ತಲಿನ ರಕ್ತನಾಳಗಳನ್ನು ತನ್ನತ್ತ ಕರೆಯುತ್ತದೆ. ಆ ಕರೆಗೆ ಅಡ್ಡಗಾಲು ಹಾಕುವ ಮದ್ದು ಹುಡುಕುವುದು ನಮ್ಮ ಕೆಲಸ. ಪರೀಕ್ಷೆ ನಡೆಯುತ್ತಿದ್ದದ್ದು ಮರಿ ಬೆಳೆಯುತ್ತಿರುವ ಕೋಳಿಮೊಟ್ಟೆಯಲ್ಲಿ. ಚಿಪ್ಪಿನ ಒಳಗಿನ ತೆಳುಪೊರೆಯ ಮೇಲೆ ಗಡ್ಡೆಯ ಚೂರಿಟ್ಟರೆ ಅದರತ್ತ ಕೆಂಪು ನಾಳಗಳು ಹಬ್ಬುವುದು ಬರಿಗಣ್ಣಿಗೇ ಕಾಣುತ್ತದೆ. ಮೊಟ್ಟೆ ಮುಟ್ಟದ ಮನೆಯಲ್ಲಿ ಹುಟ್ಟಿದ ನನಗೆ ಅದಕ್ಕಿಂತ ಚಂದದ ವಸ್ತು ಆಗ ಲೋಕದಲ್ಲಿರಲಿಲ್ಲ.

ಗುರುವಾರ ರಿಪೇರಿಗೆಂದು ಕರೆಂಟ್ ತೆಗೆಯುವುದು ಈ ಊರಿನ ಪದ್ಧತಿ. ಜನರೇಟರ್ ಇದ್ದುದರಿಂದ ಮೊಟ್ಟೆ ಬೆಚ್ಚಗಿಡುವ ನಮ್ಮ ಪೆಟ್ಟಿಗೆಗೆ ಅದರ ಚಿಂತೆ ಇರಲಿಲ್ಲ. ಒಂದು ಬುಧವಾರ ಸಂಜೆ ಅದೂ ಕೈಕೊಟ್ಟಿತು. ಮೊಟ್ಟೆಗಳಿಗೆ ಗಡ್ಡೆಯ ಚೂರನ್ನೂ ಮದ್ದನ್ನೂ ಹಾಕುವುದು ಶುಕ್ರವಾರ. ನಡುವಿನ ಹಗಲಲ್ಲಿ ಅವು ತಣ್ಣಗಾದರೆ ಒಳಗಿನ ಜೀವ ಹೋಗಿ, ನನ್ನ ತಿಂಗಳುಗಟ್ಟಲೆಯ ತಯಾರಿ ಮಣ್ಣುಪಾಲು. ಉಳಿದವರೆಲ್ಲ ಹಾಸ್ಟೆಲಿನವರು. ಮನೆ, ಒಲೆ, ಬಿಸಿನೀರು ಇರುವವಳು ನೀನೊಬ್ಬಳೇ, ಒಯ್ಯಿ ಎಂದರು ಮಾರ್ಗದರ್ಶಕರು. ಎಂಥ ಮನೆ ಎಂದು ಅವರಿಗೇನು ಗೊತ್ತು.

ಬೆಳಿಗ್ಗೆ ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಬಂದು ಬಾಗಿಲ ಹೊರಗೇ ನಿಂತೆ.

"ಏನದ ಅದರಾಗ?" ಎಂದಳು ಅವ್ವ.

"ತತ್ತಿ."

ಪೇಪರ್ ಓದುತ್ತಿದ್ದ ಅಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ.

"ತಿನ್ನಾಕೇನು?"

"ಅಲ್ಲವ್ವ. ಒಳಗ ಜೀವ ಅದ. ಥಂಡಿ ಆದ್ರ ಸಾಯ್ತಾವ."

"ಮರಿ ಆಗ್ತಾವೇನು?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಇಲ್ಲ. ಅಲ್ಲೀತನಕ ಇರೂದಿಲ್ಲ. ಕ್ಯಾನ್ಸರಿನ ಔಷಧ ಇವುಗಳ ಮ್ಯಾಲೆ ಹಾಕಿ ನೋಡೂದದ."

ಅವ್ವ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಇವತ್ತರೇ ಬೆಚ್ಚಗಿರ್ಲಿ. ಒಳಗ ಬಾ."

ಚಳಿಗಾಲದಲ್ಲಿ ಮೊಸರಿಗೆ ಹೆಪ್ಪು ಹಾಕಿದರೆ ಅವ್ವ ಪಾತ್ರೆಗೆ ಹಳೆ ಸೀರೆಗಳಿಂದ ಹೊಲಿದ ಕೌದಿ ಹೊದಿಸುತ್ತಿದ್ದಳು. ಅದೇ ಕೌದಿ ಡಬ್ಬಿಗೂ ಬಂತು. ಒಳಗೆ ಬಿಸಿನೀರಿನ ರಬ್ಬರ್ ಚೀಲ, ಪಕ್ಕದಲ್ಲಿ ಥರ್ಮಾಮೀಟರ್. ಮೊಟ್ಟೆಗಳನ್ನು ಆಗಾಗ ಮಗುಚಬೇಕೆಂದೆ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅವ್ವನೇ ಕೂತು ಒಂದೊಂದನ್ನೂ ಮಗುಚುತ್ತಿದ್ದಳು. ಬೆರಳುಗಳು ಮೊದಮೊದಲು ಅಳುಕಿದವು, ಆಮೇಲೆ ರೊಟ್ಟಿ ತಿರುವುವಷ್ಟು ಸಲೀಸಾದವು. ನನಗೆ ಮುಟ್ಟಲೂ ಕೊಡಲಿಲ್ಲ.

ಅದು ಮಾರ್ಗಶಿರದ ಗುರುವಾರ, ಇಲ್ಲಿನವರಿಗೆ ಲಕ್ಷ್ಮೀವ್ರತದ ದಿನ. ಇಳಿಹೊತ್ತಿಗೆ ಅಕ್ಕಪಕ್ಕದ ಮರಾಠಿ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದರು. ಕೌದಿ ಹೊದ್ದ ಡಬ್ಬಿಯ ಕಡೆ ಒಬ್ಬಾಕೆ ಕೈತೋರಿಸಿದಾಗ ನಾನು ಅದಕ್ಕೆ ಅಡ್ಡ ನಿಂತೆ. ಅವ್ವ ತುಟಿಗೆ ಬೆರಳಿಟ್ಟು, "ಬಾಳಂತೀಣ ಆಹೆ, ಹಳೂ ಬೋಲಾ," ಎಂದಳು. ಬಾಣಂತಿ ಇದ್ದಾಳೆ, ಮೆಲ್ಲಗೆ ಮಾತಾಡಿ! ಅವರು ನಕ್ಕರು, ಆದರೂ ದನಿ ತಗ್ಗಿಸಿದರು.

ಶುಕ್ರವಾರ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಒಂದೊಂದು ಮೊಟ್ಟೆಯ ಹಿಂದೆ ದೀಪ ಹಿಡಿದೆ. ಎಲ್ಲದರಲ್ಲೂ ಕೆಂಪು ನಾಳಗಳು, ಮಿಸುಕಾಡುವ ಕಪ್ಪು ಚುಕ್ಕೆ. ಕುಣಿದಾಡುವಷ್ಟು ಖುಷಿಯಾಯಿತು. ಮನೆಗೆ ಫೋನ್ ಮಾಡಿದರೆ ಅವ್ವ ಹಲೋ ಕೂಡ ಅನ್ನಲಿಲ್ಲ.

"ಎಲ್ಲಾರೂ ಆರಾಮ ಅದಾರೇನು?"

"ಎಲ್ಲಾರೂ ಆರಾಮ ಅದಾರವ್ವ."

ಕೆಲವು ದಿನಗಳಲ್ಲಿ ಫಲವೂ ಕಂಡಿತು. ಮದ್ದು ಹಾಕಿದ ಮೊಟ್ಟೆಗಳಲ್ಲಿ ನಾಳಗಳು ಗಡ್ಡೆಯ ಹತ್ತಿರದವರೆಗೆ ಬಂದು, ಅಲ್ಲೇ ನಿಂತುಬಿಟ್ಟಿದ್ದವು. ಊಟಕ್ಕೆ ಕೂತಾಗ ಅವ್ವನಿಗೆ ಎಲ್ಲ ಹೇಳಿದೆ. ಅವಳು ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಆ ಮೊಟ್ಟೆಗಳು ಈಗ ಇಲ್ಲವಲ್ಲ ಎಂದು ಕೇಳಿದಳು. ಇಲ್ಲ ಎಂದೆ.

ಮುಂದಿನ ಬುಧವಾರ ನಾನು ಮನೆಗೆ ಬಂದ ಕೂಡಲೇ, "ಜನರೇಟರ್ ರಿಪೇರಿ ಆತೇನು?" ಎಂದಳು.

"ಆತವ್ವ. ಇನ್ನ ಚಿಂತಿ ಇಲ್ಲ."

ಅವ್ವನ ಮುಖ ಸಪ್ಪಗಾಯಿತು.

"ಹೌದೇನು," ಎಂದಳು. "ನಾ ಕೌದಿ ಒಗದು ಇಟ್ಟಿದ್ದೆ."