ಬೆಚ್ಚಗಿದ್ದ ಗೂಡು

ಎರಡು ವಾರ ಬಯಲಲ್ಲೇ ನಿಂತಿದ್ದ ನನ್ನ ಕಾರಿನ ಬಾನೆಟ್ ಎತ್ತಿ, ಇಲಿ ಬಾರದಿರಲೆಂದು ಮೆಕ್ಯಾನಿಕ್ ಇವತ್ತು ವೈರುಗಳ ನಡುವೆ ಹೊಗೆಸೊಪ್ಪು ತುರುಕುತ್ತಿದ್ದ. ಆ ಘಾಟು ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ, ಇದೇ ವೈಟ್‌ಫೀಲ್ಡ್ ಪಕ್ಕದ ನಮ್ಮೂರಿನಲ್ಲಿ, ಉಳುಮೆ ಇಲ್ಲದ ತಿಂಗಳುಗಳಲ್ಲಿ ನಮ್ಮ ಟ್ರ್ಯಾಕ್ಟರ್ ಹೊಂಗೆಮರದಡಿ ನಿಂತಿರುತ್ತಿತ್ತು. ಅಜ್ಜಿ ತನ್ನ ಎಲೆಯಡಿಕೆ ಚೀಲದಿಂದಲೇ ಹೊಗೆಸೊಪ್ಪು ತೆಗೆದುಕೊಟ್ಟು, "ನಿನ್ ಕೈ ಸಣ್ಣದು ಕಣವ್ವ, ಒಳಕ್ಕಾಕು" ಅನ್ನುತ್ತಿದ್ದಳು. ಇಂಜಿನ್ನಿನ ಕತ್ತಲ ಸಂದಿಗೆ ಮೊಣಕೈವರೆಗೂ ಕೈ ತೂರಿಸುವಾಗ ಪ್ರತಿಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಒಂದು ದಿನ ಬೆರಳಿಗೆ ಚಿಂದಿಬಟ್ಟೆ, ಒಣಹುಲ್ಲು ಸಿಕ್ಕಿತು.

"ಅಜ್ಜೀ, ಗೂಡೈತೆ! ಬೆಚ್ಚಗೈತೆ. ಇಲಿ ಇಲ್ಲ."

ಅಜ್ಜಿಯ ಬಾಯಿ ಜಗಿಯುವುದನ್ನು ನಿಲ್ಲಿಸಿತು. "ಅಳ್ಳಾಡ್ಬೇಡ. ಮೆಲ್ಲಗೆ ಕೈ ಈಚೆಗ್ ತಗಿ. ಇಲಿ ನುಂಗಿದ ಹಾವು ಅಲ್ಲೇ ಇರ್ತೈತೆ."

ಕೈ ಹೊರಬರುವಷ್ಟರಲ್ಲಿ, ಬೆರಳ ತುದಿಯನ್ನು ಏನೋ ತಣ್ಣಗೆ ಸವರಿಕೊಂಡು ಹೋಯಿತು. ಆಮೇಲೆ ಎಷ್ಟೋ ದಿನ ಆ ಕೈಯಲ್ಲಿ ಊಟ ಮಾಡಲಾಗಲಿಲ್ಲ.

"ಗೂಡು ಕಟ್ಬಿಟ್ಟಿದೆ ಮೇಡಂ," ಮೆಕ್ಯಾನಿಕ್ ನಗುತ್ತಿದ್ದ. "ಇನ್ನೂ ಬೆಚ್ಚಗಿದೆ ನೋಡಿ. ಇಲಿ ಮಾತ್ರ ಇಲ್ಲ."

ಅವನ ಕೈ ಮೊಣಕೈವರೆಗೂ ಒಳಗಿತ್ತು.

"ಅಳ್ಳಾಡ್ಬೇಡಿ," ಅಂದೆ.