ನಿಂತ ವಿಡಿಯೊ

ತಾಂಬೂಲದ ಕಾಯಿ ಕೊಡಲು ಚಾಚಿದ ಅತ್ತೆಯ ಕೈ ನನ್ನ ಫೋನಿನಲ್ಲಿ ಹಾಗೇ ನಿಂತುಬಿಟ್ಟಿತು. ನಮ್ಮ ಮದುವೆಯ ಹಳೇ ಕ್ಯಾಸೆಟ್ಟನ್ನು ತಿಪಟೂರಿನ ವಿಡಿಯೊ ಅಂಗಡಿಯವರು ಇಂಟರ್‌ನೆಟ್ಟಿಗೆ ಹಾಕಿ ಲಿಂಕ್ ಕಳಿಸಿದ್ದರು. ಕಾಯಿ ಸುಲಿಯುತ್ತಿದ್ದ ಮಾವ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದರು. ತೋಟದಲ್ಲಿ ಸಿಗ್ನಲ್ ಅಷ್ಟಕ್ಕಷ್ಟೆ. ಚಿತ್ರ ಮಸುಕಾಗಿ ಶುರುವಾಗಿ, ನಿಧಾನಕ್ಕೆ ತಿಳಿಯಾಗಿ, ತೀರಿಹೋದ ಅತ್ತೆ ಕಾಣಿಸಿಕೊಂಡ ಹೊತ್ತಿಗೇ ಚಕ್ರ ಸುತ್ತತೊಡಗಿತ್ತು.

ಹಾಳು ನೆಟ್‌ವರ್ಕನ್ನು ಬೈಯುತ್ತಾ ನಾನು ಮನೆ ಕಡೆ ಹೋಗಲು ಎದ್ದೆ.

“ಇರ್ಲಿ ಬುಡವ್ವ, ಹಂಗೇ ಇರ್ಲಿ,” ಎಂದರು ಮಾವ. “ಅವತ್ತು ಅವ್ಳು ಒಂದ್ ಗಳಿಗೆ ನಿಂತಿದ್ನ ನಾನು ನೋಡ್ಲೇ ಇಲ್ಲ.”

ಆಮೇಲೆ ವಿಡಿಯೊ ಪೂರ್ತಿ ಅವರ ಫೋನಿಗೇ ಇಳಿಸಿಕೊಟ್ಟೆ, ಈಗ ಎಲ್ಲೂ ನಿಲ್ಲುವುದಿಲ್ಲ. ಮಾವ ಮಾತ್ರ ಲಿಂಕನ್ನೇ ಒತ್ತಿಕೊಂಡು, ಸಿಗ್ನಲ್ ಸರಿಯಾಗಿ ಸಿಗದ ತೋಟದ ಮೂಲೆಗೆ ಹೋಗಿ ಕೂರುತ್ತಾರೆ.